ಸದ್ದಿಲ್ಲದ ಗಾಡಿ

ಇಳಿಜಾರು ಬೀದಿ, ಕೆಳಗಿನ ಮನೆ
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಆರೋಗ್ಯವಾಗಿದ್ದೀಯ ತಾನೇ? ಹೋದ ಸಲ ಫೋನಿನಲ್ಲಿ ನಿನ್ನ ದನಿ ಕಟ್ಟಿಕೊಂಡಂತಿತ್ತು. ಅದು ನೆಗಡಿಯೋ, ಸಮುದ್ರದ ಗಾಳಿಯೋ, ಬರೀ ಲೈನಿನ ದೋಷವೋ ಎಂದು ತಿಳಿಯುವ ಮೊದಲೇ ಕರೆ ಕಡಿದುಹೋಯಿತು. ಹಡಗಿನ ಎಂಜಿನ್ ಕೋಣೆಯಲ್ಲಿ ಬೆವರಿದ ಮೈಯಲ್ಲೇ ಡೆಕ್ಕಿಗೆ ಹೋಗಿ ಗಾಳಿಗೆ ನಿಲ್ಲಬೇಡ, ಬಿಸಿನೀರು ಕುಡಿ, ತಲೆಗೆ ಏನಾದರೂ ಸುತ್ತಿಕೋ. ಇದೆಲ್ಲ ನಿಮ್ಮಮ್ಮ ಹೇಳಬೇಕಾದ ಮಾತು. ಅವಳು ಹೋದ ಮೇಲೆ ಅವಳ ಪಾಲಿನದನ್ನೂ ನಾನೇ ಬರೆಯಬೇಕಾಗಿರುವುದರಿಂದ ನನ್ನ ಕಾಗದಗಳು ಉದ್ದವಾಗುತ್ತವೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಪ್ರೆಸಿ ರೈಟಿಂಗ್ ಎಂದು ಒಂದನ್ನು ಕಲಿಸುತ್ತಿದ್ದರು, ದೊಡ್ಡ ಸಂಗತಿಯನ್ನು ಮೂರರಲ್ಲೊಂದು ಪಾಲಿಗೆ ಇಳಿಸುವುದು. ನಾನು ಇಳಿಸಿದಾಗಲೆಲ್ಲ ಅದು ಮೊದಲಿಗಿಂತ ಬೆಳೆದುಬಿಡುತ್ತಿತ್ತು. ‘ಮೈ ಡಿಯರ್ ಫೆಲೋ, ಯು ಆರ್ ಹೋಪ್‌ಲೆಸ್’ ಎಂದಿದ್ದರು. ಆ ಕಾಲದ ಇಂಗ್ಲಿಷ್ ವಾಕ್ಯಗಳಲ್ಲಿ ಅದೊಂದೇ ನನಗೆ ಪೂರ್ತಿ ನೆನಪಿರುವುದು.

ನಾನು ಕ್ವೈಟ್ ವೆಲ್. ಮಂಡಿ ಎಂದಿನಂತೆ ಇದೆ, ಅಂದರೆ ಇದೆ. ನಿನ್ನ ಮಗಳು ಗಿಣಿಯೂ ಚೆನ್ನಾಗಿದ್ದಾಳೆ. ಗದ್ದದ ಕೆಳಗೆ ಎರಡು ಹೊಲಿಗೆ ಬಿದ್ದಿವೆ, ಮೊಣಕಾಲು ತರಚಿದೆ, ಅಷ್ಟೇ. ನೀನು ಕೊಡಿಸಿದ ಕರೆಂಟಿನ ಸೈಕಲ್ಲಿನಲ್ಲಿ ಹೋಗುವಾಗ ಬೇಕರಿಯ ಮುಂದೆ ಒಬ್ಬ ಹೆಂಗಸಿಗೆ ಗುದ್ದಿಬಿಟ್ಟಳು. ಆಕೆಯ ಬಲಗೈ ಮಣಿಕಟ್ಟು ಮುರಿದಿದೆ. ಯಾರ ಜೀವಕ್ಕೂ ಅಪಾಯವಿಲ್ಲ. ಗಾಡಿ ಸಂಚಾರಿ ಠಾಣೆಯ ಅಂಗಳದಲ್ಲಿದೆ. ನೋಡು, ಪ್ರೆಸಿ ಅಂದರೆ ಹೀಗೆ, ನಾಲ್ಕು ಸಾಲಿನಲ್ಲಿ ಮುಗಿದೇ ಹೋಯಿತು. ಮೇಷ್ಟ್ರು ಬದುಕಿದ್ದರೆ ತೋರಿಸಬಹುದಿತ್ತು. ಉಳಿದದ್ದನ್ನು ಎಲ್ಲಾದರೂ ಕುಳಿತುಕೊಂಡು ಓದು, ಏಣಿಯ ಮೇಲೆ ನಿಂತು ಓದಬೇಡ.

ನಮ್ಮ ಕೆಲಸ ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ವಾರವೆಲ್ಲ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ಕಂಡಕಂಡವರಿಗೆ ಬಿಡಿಸಿ ಹೇಳಿ ನನಗೆ ಅದೇ ಅಭ್ಯಾಸವಾಗಿಹೋಗಿದೆ. ಕಟ್ಟಿಸುವ ಹಲ್ಲಿನ ಸೆಟ್ಟು ಒಂದೇ ಸಲಕ್ಕೆ ಆಗುವುದಿಲ್ಲ. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ. ನಾನು ಗುಲಾಬಿ ಮೇಣದಲ್ಲಿ ಒಸಡು ಮಾಡಿ, ಅದರಲ್ಲಿ ಹಲ್ಲು ಕೂರಿಸಿ, ಟ್ರಯಲ್‌ಗೆ ಕಳಿಸುತ್ತೇನೆ. ರೋಗಿಯ ಬಾಯಿಗಿಟ್ಟು ನೋಡಿ, ಸರಿಯಿದೆ ಎಂದ ಮೇಲೆ ಅದು ವಾಪಸ್ ಬರುತ್ತದೆ. ಆಮೇಲೆ ಮೇಣ ಕರಗಿಸಿ ಗಟ್ಟಿ ಸೆಟ್ಟು ಮಾಡುವುದು. ಈ ಟ್ರಯಲ್ ಸೆಟ್ಟಿನಷ್ಟು ಮುನಿಸಿನ ವಸ್ತು ಇನ್ನೊಂದಿಲ್ಲ. ಬಿಸಿಲು ತಾಗಿದರೆ ಮುಂದಿನ ಹಲ್ಲು ತಲೆತಗ್ಗಿಸುತ್ತದೆ, ಡಬ್ಬಿ ಓರೆಯಾದರೆ ಕೋರೆಹಲ್ಲು ಪಕ್ಕದ ಮನೆಗೆ ಹೋಗಿ ನಿಲ್ಲುತ್ತದೆ. ನನ್ನ ಮಂಡಿ ಸರಿಯಿದ್ದ ಕಾಲದಲ್ಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಛತ್ರಿಯನ್ನು ಕತ್ತಿನಲ್ಲಿ ಸಿಕ್ಕಿಸಿಕೊಂಡು ಕೆಳಗಿನ ಕ್ಲಿನಿಕ್ಕಿಗೆ ನಡೆಯುತ್ತಿದ್ದೆ. ಬೀದಿಯವರು ‘ಮೆರವಣಿಗೆ ಹೊರಡ್ತು’ ಅನ್ನುತ್ತಿದ್ದರು. ನಿಮ್ಮಮ್ಮ ಮಾತ್ರ ಕಿಟಕಿಯಿಂದ, ‘ಹಲ್ಲಿಗೆ ಛತ್ರಿ ಹಿಡೀತಾರೆ, ನನಗೆ ಒಂದು ದಿನ ಹಿಡಿದಿದ್ರೆ ಕೇಳಿ’ ಎನ್ನುತ್ತಿದ್ದಳು.

ಮಂಡಿ ಕೈಕೊಟ್ಟ ಮೇಲೆ ಶಾಲೆ ಮುಗಿಸಿ ಬಂದ ಗಿಣಿ ಡಬ್ಬಿ ಒಯ್ಯತೊಡಗಿದಳು. ನೀನು ಸೈಕಲ್ಲು ಕೊಡಿಸಿದ್ದು ಆಮೇಲೆ. ಮೊದಮೊದಲು ಆ ಗಾಡಿಗೆ ನಮ್ಮ ಬೀದಿಯ ಏರು ಹತ್ತಲು ಆಗುತ್ತಲೇ ಇರಲಿಲ್ಲ, ಅರ್ಧ ದಾರಿಗೆ ಉಸಿರು ಬಿಡುತ್ತಿತ್ತು, ಇವಳು ಇಳಿದು ತಳ್ಳುತ್ತಿದ್ದಳು. ನೀನು ರಜೆಗೆ ಬಂದಾಗ ರಿಪೇರಿ ಮಾಡಿಕೊಟ್ಟೆಯಲ್ಲ, ಅದಾದ ಮೇಲೆ ಕುದುರೆಯಾಯಿತು. ಮುಂದೆ ಒಂದು ಬುಟ್ಟಿಯೇನೋ ಇದೆ, ಆದರೆ ಕಲ್ಲಿನ ಮೇಲೆ ಗಡಗಡ ಅನ್ನುತ್ತದೆ. ಡಬ್ಬಿಯನ್ನು ಬುಟ್ಟಿಯಲ್ಲಿಟ್ಟರೆ ಹಲ್ಲು ಕದಲುತ್ತದೆಂದು ಅವಳಿಗೆ ಹೇಳಿದವನು ನಾನೇ. ಹಾಗಾಗಿ ಅವಳು ಎಡಗೈಯಲ್ಲಿ ಡಬ್ಬಿಯನ್ನು ಎದೆಯ ಮಟ್ಟಕ್ಕೆ ನೆಟ್ಟಗೆ ಹಿಡಿದು, ಬಲಗೈ ಒಂದರಲ್ಲೇ ಗಾಡಿ ಓಡಿಸುವುದನ್ನು ರೂಢಿಸಿಕೊಂಡಿದ್ದಳು. ಹೋಟೆಲಿನ ಮಾಣಿ ತಟ್ಟೆ ಹಿಡಿದು ಹೋಗುವಂತೆ. ನಾನದನ್ನು ಕಿಟಕಿಯಿಂದ ನೋಡಿ ಮೆಚ್ಚಿಕೊಂಡಿದ್ದೂ ಉಂಟು. ಹಿಂದಿನ ಚಕ್ರದ ಬ್ರೇಕು ಇರುವುದು ಎಡಗಡೆ ಎಂಬುದು ನನಗೆ ತಿಳಿದದ್ದು ನಿನ್ನೆ, ಠಾಣೆಯಲ್ಲಿ.

ಕಳೆದ ಸೋಮವಾರ ರೋಗಿ ಆಗಲೇ ಬಂದು ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದಾರೆ ಎಂದು ಕ್ಲಿನಿಕ್ಕಿನಿಂದ ಫೋನು ಬಂತು. ಬಿಸಿಲು ಜೋರಿತ್ತು. ಇವಳು ಡಬ್ಬಿ ಹಿಡಿದು ಇಳಿಜಾರಿನಲ್ಲಿ ಇಳಿದಳು. ಬೇಕರಿಯ ಪಕ್ಕ ಈಗೊಂದು ಹೊಲಿಗೆ ಅಂಗಡಿಯಿದೆ. ನೀನು ಹೋದ ಮೇಲೆ ಬಂದದ್ದು, ಒಂಟಿ ಹೆಂಗಸು ನಡೆಸುತ್ತಾರೆ, ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆ. ಆಕೆ ಬ್ರೆಡ್ಡು ತೆಗೆದುಕೊಂಡು ಬೇಕರಿಯಿಂದ ರಸ್ತೆಗೆ ಕಾಲಿಟ್ಟಿದ್ದಾರೆ. ಗಾಡಿಯ ಸದ್ದು ಕೇಳಿದರೆ ತಾನೇ ತಿರುಗಿ ನೋಡುವುದು? ನನ್ನ ಹಳೆಯ ಸ್ಕೂಟರು ಇದ್ದಿದ್ದರೆ ಬೀದಿಯ ಆ ತುದಿಯಲ್ಲಿರುವಾಗಲೇ ಬೆಕ್ಕುಗಳು ಗೋಡೆ ಹತ್ತುತ್ತಿದ್ದವು. ಇದು ಗಾಳಿಯಂತೆ ಬಂತು. ಗಿಣಿ ಬಲಗೈಯ ಬ್ರೇಕು ಹಿಡಿದಳು, ಮುಂದಿನ ಚಕ್ರ ಒಂದೇ ನಿಂತಿತು, ಉಳಿದದ್ದೆಲ್ಲ ನಿಲ್ಲಲಿಲ್ಲ. ಕಾಸ್ ಅಂಡ್ ಎಫೆಕ್ಟ್. ಆಕೆ ಮುಖ ಅಡಿಯಾಗಿ ಬಿದ್ದರು, ಕನ್ನಡಕ ಚರಂಡಿಯ ಹತ್ತಿರ ಹೋಗಿ ಬಿತ್ತು, ಇವಳು ಗದ್ದ ನೆಲಕ್ಕೆ ಬಡಿದುಕೊಂಡಳು. ಅವಳ ತಲೆಗೆ ಹೆಲ್ಮೆಟ್ಟು ಇರಲಿಲ್ಲ. ಸೈಕಲ್ಲಿಗೆ ಯಾಕೆ ಹೆಲ್ಮೆಟ್ಟು ಎಂದು ನಮ್ಮ ಲೆಕ್ಕ.

ಬೇಕರಿಯವರು ಫೋನು ಮಾಡಿದಾಗ ನಾನು ಚಪ್ಪಲಿ ಹಾಕಿಕೊಳ್ಳದೆ ಹೋದೆ. ರಸ್ತೆಯ ಮೇಲೆ ಕಂಡದ್ದು ಇಷ್ಟು: ಮೋಟಾರು ಆರದೆ ಗಾಡಿಯ ಹಿಂದಿನ ಚಕ್ರ ಇನ್ನೂ ತನ್ನ ಪಾಡಿಗೆ ಸುತ್ತುತ್ತಿತ್ತು, ಗಿಣಿ ನೆಲದ ಮೇಲೆ ಕೂತು ಆಕೆಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು, ಗದ್ದದಿಂದ ರಕ್ತ ಸಮವಸ್ತ್ರದ ಮೇಲೆ ಇಳಿಯುತ್ತಿತ್ತು, ‘ಆಂಟೀ, ನಿದ್ದೆ ಮಾಡಬೇಡಿ, ಆಂಟೀ, ಮಾತಾಡ್ತಾ ಇರಿ’ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಡಬ್ಬಿ ಪಕ್ಕದ ಮೆಟ್ಟಿಲ ಮೇಲೆ ನೆರಳಿನಲ್ಲಿತ್ತು. ಬೀಳುವಾಗಲೂ ಎಡಗೈ ಎತ್ತಿಯೇ ಹಿಡಿದಿದ್ದಳಂತೆ. ಸಂಜೆ ತೆರೆದು ನೋಡಿದೆ, ಒಂದು ಹಲ್ಲೂ ಕದಲಿರಲಿಲ್ಲ. ಆ ರೋಗಿ ಈಗ ಸುಖವಾಗಿ ಅಗಿಯುತ್ತಿದ್ದಾರೆ, ಇಂಥ ಫಿಟ್ಟಿಂಗು ಕಂಡಿಲ್ಲ ಅಂದರಂತೆ. ನಾನು ನಲವತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಹೊಗಳಿಕೆ ಕೇಳಿ ಊಟ ಸೇರದೇ ಇದ್ದದ್ದು ಇದೇ ಮೊದಲು.

ಪೊಲೀಸಿನವನು ಬರುವಷ್ಟರಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದ್ದೆವು. ‘ಗಾಡಿ ಯಾರದ್ದು?’ ಎಂದ. ‘ನಮ್ಮದು’ ಅಂದೆ. ಅವನು ಅದನ್ನು ವ್ಯಾನಿಗೆ ಹಾಕಿಕೊಂಡು, ಶನಿವಾರ ಠಾಣೆಗೆ ಬಂದು ಹೇಳಿಕೆ ಕೊಡಿ ಎಂದು ಹೋದ. ಅಷ್ಟಕ್ಕೇ ಇದು ಮುಗಿಯುವ ಸಂಗತಿ ಎಂದು ನಾನು ತಿಳಿದುಕೊಂಡಿದ್ದೆ. ಆ ಸಂಜೆ ಮೇಲಿನ ಮನೆಯ ವಕೀಲರು ಮೆಟ್ಟಿಲಲ್ಲಿ ಹಿಡಿದುಕೊಂಡರು. ಒಳ್ಳೆಯವರು, ಆದರೆ ಯಾರಿಗೆ ಕೆಮ್ಮು ಬಂದರೂ ಅದಕ್ಕೊಂದು ಸೆಕ್ಷನ್ ಹುಡುಕುತ್ತಾರೆ. ‘ಯಜಮಾನ್ರೇ, ಪೆಡಲ್ ಇದ್ದ ಮಾತ್ರಕ್ಕೆ ಸೈಕಲ್ ಆಗಲ್ಲ. ಮೋಟಾರು ಚಿಕ್ಕದಿರಬೇಕು, ಇಂತಿಷ್ಟು ಸ್ಪೀಡಾದ ಮೇಲೆ ತಾನಾಗೇ ನಿಂತುಬಿಡಬೇಕು. ಅಷ್ಟಿದ್ರೆ ಸೈಕಲ್ಲು. ಅದಕ್ಕಿಂತ ಜೋರಾಗಿ ಹೋದ್ರೆ ಮೋಟಾರು ಗಾಡಿ. ನಂಬರ್ ಪ್ಲೇಟ್ ಬೇಕು, ಇನ್ಶೂರೆನ್ಸ್ ಬೇಕು, ಲೈಸೆನ್ಸ್ ಬೇಕು, ಹೆಲ್ಮೆಟ್ ಬೇಕು. ನಿಮ್ಮ ಮೊಮ್ಮಗಳ ಹತ್ರ ಏನಿದೆ?’ ಎಂದರು. ‘ರಿಬ್ಬನ್ ಇದೆ’ ಅಂದೆ. ಅವರು ನಗಲಿಲ್ಲ. ‘ಅಂಗಡಿಯವರು ಸ್ಪೀಡ್ ಮಿತಿ ಮೀರದ ಹಾಗೆ ಕಟ್ಟಿಯೇ ಕೊಟ್ಟಿರ್ತಾರೆ, ಆದ್ರೂ ಠಾಣೆಯವರು ಮೆಕ್ಯಾನಿಕ್ ಕೈಲಿ ನೋಡಿಸ್ತಾರೆ’ ಎಂದರು.

ಆಮೇಲೆ ಮೆಟ್ಟಿಲ ಮೇಲೆ ಕೂತು ಒಂದೊಂದೇ ಬಿಡಿಸಿಟ್ಟರು. ಎಂಟನೇ ಕ್ಲಾಸಿನ ಹುಡುಗಿ ಓಡಿಸುತ್ತಿದ್ದಳು ಎಂದಾದರೆ ಅವಳು ಮಕ್ಕಳ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕು. ಮನೆಯಲ್ಲಿದ್ದು ಓಡಿಸಲು ಬಿಟ್ಟವನೆಂದು ನಾನು ನಿಲ್ಲಬೇಕು. ಅವಳ ಕೈಯಲ್ಲಿ ನನ್ನ ಕೆಲಸದ ಡಬ್ಬಿ ಇದ್ದದ್ದಕ್ಕೆ ಬೇರೆಯೇ ಒಂದು ಸೆಕ್ಷನ್. ಗಾಡಿ ಯಾರ ಹೆಸರಿನಲ್ಲಿದೆಯೋ ಅವರೂ ನಿಲ್ಲಬೇಕು, ಅಂದರೆ ನೀನು. ‘ಹಡಗಿನ ಕಂಪನಿಯವರು ಒಪ್ಪಂದ ಹೊಸದು ಮಾಡುವಾಗ ಪೊಲೀಸ್ ಕ್ಲಿಯರೆನ್ಸ್ ಕೇಳ್ತಾರಲ್ವಾ? ಮಗಳ ಅನ್ನಕ್ಕೆ ಕಲ್ಲು ಬೀಳತ್ತೆ ನೋಡಿ’ ಎಂದರು. ಆಮೇಲೆ ದನಿ ತಗ್ಗಿಸಿದರು. ‘ನಿಮ್ಮ ಹತ್ರ ಸ್ಕೂಟರ್ ಲೈಸೆನ್ಸ್ ಇದೆ ತಾನೇ? ಮುಗೀತಲ್ಲ. ನೀವೇ ಓಡಿಸ್ತಿದ್ರಿ ಅನ್ನಿ. ಬಿದ್ದಾಕೆ ಯಾರನ್ನೂ ನೋಡಿಲ್ಲ. ಬೇಕರಿಯವರು ಒಲೆ ಕಡೆ ತಿರುಗಿದ್ರಂತೆ. ದಂಡ ಕಟ್ಟಿ, ಆಸ್ಪತ್ರೆ ಖರ್ಚು ಕೊಟ್ಟು ಮನೆಗೆ ಬನ್ನಿ.’ ಬೇಕರಿಯವರು ಆ ಕಡೆ ತಿರುಗಿರಲಿಲ್ಲ ಎಂಬುದು ಬೇಕರಿಯವರಿಗೂ ಗೊತ್ತು. ಹೀಗೆ ಎಲ್ಲರೂ ಒಳ್ಳೆಯವರಾಗಿಬಿಟ್ಟರೆ ಮನುಷ್ಯನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ನಾನು ಒಪ್ಪಿದೆ. ದೊಡ್ಡ ತ್ಯಾಗವೆಂದಲ್ಲ, ಸುಲಭವಾಗಿ ಕಂಡಿತು, ಒಪ್ಪಿದೆ. ಬುಧವಾರ ವಕೀಲರು ಮೆಟ್ಟಿಲಲ್ಲೇ ಒಂದು ರಿಹರ್ಸಲ್ ಮಾಡಿಸಿದರು. ‘ಎಷ್ಟು ಸ್ಪೀಡಲ್ಲಿ ಬರ್ತಿದ್ರಿ?’ ‘ನಿಧಾನವಾಗಿ.’ ‘ಎಷ್ಟು ನಿಧಾನ?’ ‘ಮಂಡಿ ಒಪ್ಪುವಷ್ಟು.’ ‘ಮಂಡಿ ವಿಷಯ ಎತ್ತಲೇಬೇಡಿ ಯಜಮಾನ್ರೇ! ಮಂಡಿ ಇಲ್ಲದೋರು ಸೈಕಲ್ ಹೇಗೆ ಹತ್ತಿದ್ರಿ ಅಂತ ಕೇಳ್ತಾರೆ.’ ಗಾಡಿ ಚಾಲೂ ಮಾಡುವುದು ಹೇಗೆ ಎಂದು ಕೇಳಿದರು. ಕಿಕ್ ಹೊಡೆಯುವುದು ಎಂದೆ. ಅವರು ಹಣೆ ಹಿಡಿದುಕೊಂಡರು. ತಲೆಯೆತ್ತಿ ನೋಡಿದರೆ ಮೇಲಿನ ತಿರುವಿನಲ್ಲಿ ಕಂಬಿ ಹಿಡಿದು ಗಿಣಿ ನಿಂತಿದ್ದಳು. ‘ಬಟನ್ ಒತ್ತಬೇಕು ಅಜ್ಜಾ’ ಎಂದಳು, ಅಷ್ಟೇ, ಹೊರಟುಹೋದಳು. ಅವಳು ಮೊದಲ ದಿನವೂ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳೆಂದು ಆಮೇಲೆ ತಿಳಿಯಿತು. ಅವಳಪ್ಪನಿಗೂ ಫೋನು ಮಾಡಿ ತಿಳಿಸಿದ್ದೆ. ಬೇರೆ ಸಂಸಾರ ಮಾಡಿಕೊಂಡ ಮೇಲೆ ಆತನ ಮಾತು ಚಿಕ್ಕದಾಗಿದೆ, ‘ಹೌದಾ, ಜೋಪಾನ’ ಎಂದು ಫೋನಿಟ್ಟ. ಪ್ರೆಸಿಯಲ್ಲಿ ಆತ ಎಂದೂ ಫಸ್ಟ್ ಕ್ಲಾಸು.

ಗುರುವಾರ ಹಣ್ಣು ತೆಗೆದುಕೊಂಡು ಹೊಲಿಗೆಯವರನ್ನು ನೋಡಲು ಹೋದೆವು. ಗಿಣಿ ಬರುವುದು ಬೇಡ ಎಂದಿದ್ದರು ವಕೀಲರು, ಇವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಆಕೆಯ ಕೋಣೆಯಲ್ಲಿ ಯಂತ್ರಕ್ಕೆ ಬಟ್ಟೆ ಹೊದಿಸಿದ್ದರು. ಕತ್ತರಿಸಿಟ್ಟ ಶಾಲೆಯ ಸಮವಸ್ತ್ರಗಳು ಕುರ್ಚಿಯ ಮೇಲೆ, ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ತೋಳು ಒಂದು ಕಡೆ, ಕಾಲರು ಒಂದು ಕಡೆ. ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಪ್ಲಾಸ್ಟರು ನನ್ನ ದಿನನಿತ್ಯದ ವಸ್ತು, ಹಾಗಾಗಿ ಕಣ್ಣು ಮೊದಲು ಅಲ್ಲಿಗೇ ಹೋಯಿತು, ಅಂಚು ಸರಿಯಾಗಿ ಉಜ್ಜಿರಲಿಲ್ಲ. ಗಾಡಿ ನಮ್ಮ ಮನೆಯದು ಎಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ನೀವಾ ಓಡಿಸ್ತಿದ್ದಿದ್ದು?’ ನಾನು ಕೆಮ್ಮಿದೆ. ಕೆಮ್ಮನ್ನು ಅವರು ಹೌದು ಎಂದುಕೊಂಡರು. ‘ಅಲ್ಲಾ ರೀ, ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕಿತ್ತು ಆ ದೆವ್ವದ ಗಾಡಿ? ಸದ್ದಿಲ್ಲ, ಗದ್ದಲ ಇಲ್ಲ, ಕಳ್ಳನ ಹಾಗೆ ಬಂದು ಬೀಳಿಸಿಬಿಟ್ರಲ್ಲ. ನನ್ನ ಕೈಯೇ ನನ್ನ ಗಂಡ, ನನ್ನ ಮಗ, ಎಲ್ಲಾ ಅದೇ. ಶಾಲೆ ಶುರುವಾಗೋದ್ರೊಳಗೆ ಇಷ್ಟನ್ನೂ ಯಾರು ಹೊಲೀತಾರೆ, ನೀವು ಹೊಲೀತೀರಾ?’ ಎಂದರು. ನ್ಯಾಯವಾದ ಪ್ರಶ್ನೆ. ನನಗೆ ಹೊಲಿಗೆ ಬರುವುದಿಲ್ಲ ಎಂದೆ. ‘ಓಡಿಸೋದಕ್ಕೂ ಬರಲ್ಲ’ ಎಂದರು.

ಬೈದು ಸುಸ್ತಾದ ಮೇಲೆ ಆಕೆಗೆ ಇನ್ನೊಂದು ನೆನಪಾಯಿತು. ‘ಆದ್ರೆ ಒಂದು ಹುಡುಗಿ ಬಂತು ನೋಡಿ. ಯಾರ ಮನೆ ಮಗುವೋ ಏನೋ, ದಾರೀಲಿ ಹೋಗ್ತಿದ್ದದ್ದು ಓಡಿಬಂತು. ಕನ್ನಡಕ ಇಲ್ದೆ ನನಗೆ ಮುಖವೇ ಕಾಣಿಸ್ಲಿಲ್ಲ. ತಲೆ ತೊಡೆ ಮೇಲಿಟ್ಕೊಂಡು, ನೀರು ಕುಡಿಸಿ, ನಿದ್ದೆ ಮಾಡಬೇಡಿ ಆಂಟಿ ಅಂತ ಒಂದೇ ಸಮನೆ ಮಾತಾಡ್ಸಿತು. ಆ ದನಿ ಇನ್ನೂ ಕಿವೀಲಿದೆ. ಅದು ಇಲ್ದೇ ಇದ್ದಿದ್ರೆ ನಾನು ಅಲ್ಲೇ ಕಣ್ಣು ಮುಚ್ತಿದ್ದೆ. ಕೈ ಸರಿಯಾದ ಮೇಲೆ ಆ ಮಗೂನ ಹುಡುಕಿ ಒಂದು ಒಳ್ಳೇ ಫ್ರಾಕು ಹೊಲಿದು ಕೊಡ್ತೀನಿ’ ಎಂದರು. ಆಮೇಲೆ ಗಿಣಿಯ ಕಡೆ ತಿರುಗಿ, ‘ನಿನ್ನ ಗದ್ದಕ್ಕೇನಾಯ್ತಮ್ಮಾ? ಅಜ್ಜ ನಿನ್ನನ್ನೂ ಹಿಂದೆ ಕೂರಿಸ್ಕೊಂಡಿದ್ರಾ? ಯಾವ ಕ್ಲಾಸು?’ ಎಂದು ಕೇಳಿದರು. ನಮ್ಮ ಗಿಣಿ, ನಿದ್ದೆಯಲ್ಲೂ ಸುಮ್ಮನಿರದ ಗಿಣಿ, ಬಾಯಿ ತೆರೆಯಲಿಲ್ಲ. ಎರಡೂ ಕೈಯೆತ್ತಿ ಎಂಟು ಬೆರಳು ತೋರಿಸಿದಳು. ಆಕೆ ನನ್ನ ಕಡೆ ಬಾಗಿ ಮೆಲ್ಲಗೆ, ‘ಮಾತು ಬರಲ್ವಾ, ಪಾಪ?’ ಎಂದರು. ಇದಕ್ಕೂ ನಾನು ಕೆಮ್ಮಿದೆ. ಬರುವಾಗ ಆಕೆ ನಾವು ಕೊಟ್ಟ ಹಣ್ಣಿನಲ್ಲೇ ಒಂದನ್ನು ಆರಿಸಿ ಗಿಣಿಯ ಕೈಗಿಟ್ಟರು. ಅವಳು ಅದನ್ನು ತಿನ್ನಲಿಲ್ಲ, ಎಸೆಯಲೂ ಇಲ್ಲ. ಅವಳ ಪುಸ್ತಕಗಳ ಮೇಲೆ ಇನ್ನೂ ಇದೆ, ಒಂದು ಕಡೆ ಕಪ್ಪಾಗಿದೆ.

ಆ ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ನೀನು ನಂಬುವುದಿಲ್ಲ, ಗೋಡೆ ಗಡಿಯಾರ ಟಕ್ ಟಕ್ ಎನ್ನುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಉಪ್ಪು ಬೇಕಾದರೆ ಬೆರಳು ತೋರಿಸುತ್ತಿದ್ದಳು. ಶನಿವಾರ ಠಾಣೆಗೆ ನಾವಿಬ್ಬರೂ ವಕೀಲರೂ ಹೋದೆವು. ಅಲ್ಲಿ ಸಬ್‌ಇನ್‌ಸ್ಪೆಕ್ಟರ್ ಒಬ್ಬರು ಹೆಣ್ಣುಮಗಳು, ನಿನಗಿಂತ ಚಿಕ್ಕವರಿರಬೇಕು, ಎಲ್ಲರೂ ಮೇಡಂ ಅನ್ನುತ್ತಾರೆ. ಬೆಂಚಿನ ಮೇಲೆ ಹೊಲಿಗೆಯವರು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದರು. ಹೊಸ ಕನ್ನಡಕ ಹಾಕಿಸಿಕೊಂಡಿದ್ದರು. ಮೇಡಂ ನನ್ನ ಲೈಸೆನ್ಸನ್ನು ತಿರುಗಿಸಿ ನೋಡಿ, ಅದರಲ್ಲಿರುವ ಗುಂಗುರು ಕೂದಲಿನವನು ಯಾರೆಂಬಂತೆ ನನ್ನ ಬೋಳುತಲೆಯನ್ನು ನೋಡಿ, ‘ನೀವೇ ಓಡಿಸ್ತಿದ್ರಾ?’ ಎಂದರು. ವಕೀಲರು ನನ್ನ ಬೆನ್ನಿಗೆ ಬೆರಳು ಒತ್ತಿದರು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ದಿ ಅಂಡರ್‌ಸೈನ್ಡ್ ಬೆಗ್ಸ್ ಟು ಸ್ಟೇಟ್ ಎಂದು ಶುರುಮಾಡಿದರೆ ತೂಕ ಬರುತ್ತದೆ ಎಂದುಕೊಂಡಿದ್ದೆ.

‘ನಾನು ಓಡಿಸ್ತಿದ್ದೆ’ ಎಂದಳು ಗಿಣಿ. ಬೆಂಚಿನ ಮೇಲಿದ್ದಾಕೆ ತಟ್ಟನೆ ತಿರುಗಿದರು. ಮುಖ ನೋಡಿದ್ದಲ್ಲ, ಕಣ್ಣು ಮುಚ್ಚಿಕೊಂಡು ಕಿವಿ ಇವಳ ಕಡೆ ಕೊಟ್ಟರು. ಇವಳು ನಿಲ್ಲಲಿಲ್ಲ. ಬಿಸಿಲು, ಮೇಣ, ಬಲಗೈ, ಎಡಗೈ, ಅಜ್ಜನ ಮಂಡಿ, ಬುಟ್ಟಿ ಗಡಗಡ ಅನ್ನುವುದು, ಆಂಟಿ ಕಂಡದ್ದು, ಬ್ರೇಕು ಹಿಡಿದದ್ದು, ಡಬ್ಬಿ ಬಿಟ್ಟಿದ್ದರೆ ಎರಡೂ ಬ್ರೇಕು ಹಿಡಿಯಬಹುದಿತ್ತು ಆದರೆ ಬಿಡಲಿಲ್ಲ ಎಂಬುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮೇಡಂ ಎರಡು ಸಲ ‘ನಿಧಾನ, ಪುಟ್ಟಾ’ ಎಂದರು. ವಕೀಲರ ಬೆರಳು ನನ್ನ ಬೆನ್ನಿನಿಂದ ಇಳಿದುಹೋಯಿತು. ಮುಗಿದ ಮೇಲೆ ಹೊಲಿಗೆಯವರು ಕಣ್ಣು ತೆರೆದು, ‘ಹೊಡೆದಿದ್ದೂ ನೀನೇ, ನೀರು ಕುಡಿಸಿದ್ದೂ ನೀನೇ ಅನ್ನು’ ಎಂದರು. ಗಿಣಿ ತಲೆಯಾಡಿಸಿದಳು. ‘ಮೊನ್ನೆ ಮನೆಗೆ ಬಂದು ಮೂಗಿಯ ಹಾಗೆ ಕೂತಿದ್ದೂ ನೀನೇ’ ಎಂದರು. ಅದಕ್ಕೂ ತಲೆಯಾಡಿಸಿದಳು. ಆಕೆ ಎದ್ದು ಬಂದು ಎಡಗೈಯಿಂದ ಇವಳ ಗದ್ದ ಎತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ‘ಯಾರ್ರೀ ಇದನ್ನ ಹೊಲಿದೋರು? ಒಂದು ಉದ್ದ, ಒಂದು ಗಿಡ್ಡ’ ಎಂದರು. ಆಮೇಲೆ ಮೇಡಂ ಕಡೆ ತಿರುಗಿ, ‘ಕಂಪ್ಲೇಂಟು ನಾನು ವಾಪಸ್ ತಗೊಳಲ್ಲ, ನನ್ನ ಕೈ ನನಗೆ ಬೇಕು’ ಎಂದು ಹೇಳಿ ಹೋಗಿ ಕೂತರು. ನನ್ನ ಮುಖವನ್ನು ಮಾತ್ರ ನೋಡಲಿಲ್ಲ. ಕೆಮ್ಮಿನ ಲೆಕ್ಕ ಅವರಿಗೆ ಅರ್ಥವಾಗಿತ್ತು.

ಈಗ ಸ್ಥಿತಿ ಹೀಗಿದೆ. ಗಿಣಿ ಮುಂದಿನ ತಿಂಗಳು ಮಕ್ಕಳ ಮಂಡಳಿಯ ಮುಂದೆ ಹೋಗಬೇಕು. ಬೈಯುವುದಿಲ್ಲ, ಕೂರಿಸಿಕೊಂಡು ಮಾತಾಡುತ್ತಾರೆ, ಕೆಲವು ವಾರ ರಸ್ತೆ ಸುರಕ್ಷತೆಯ ಪಾಠಕ್ಕೆ ಕಳಿಸಬಹುದು ಎಂದು ಮೇಡಂ ಹೇಳಿದರು. ನನ್ನ ಮೇಲೆ ಎರಡು ಸೆಕ್ಷನ್, ಅವುಗಳ ನಂಬರು ನನಗೆ ಬಾಯಿಪಾಠ ಬರುವುದಿಲ್ಲ, ವಕೀಲರಿಗೆ ಬರುತ್ತದೆ. ಆಕೆಯ ಚಿಕಿತ್ಸೆಯೂ ಕೆಲಸ ನಿಂತದ್ದರ ಪರಿಹಾರವೂ ನಮ್ಮದೇ, ಯಾವ ಇನ್ಶೂರೆನ್ಸೂ ಇಲ್ಲ. ಅದನ್ನು ನಾನು ನೋಡಿಕೊಳ್ಳುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ. ಸಮವಸ್ತ್ರಗಳನ್ನು ಮುಗಿಸಲು ಆಕೆಯ ತಂಗಿ ಬಂದಿದ್ದಾರೆ. ಟ್ರಯಲ್ ಡಬ್ಬಿ ಮತ್ತೆ ನಾನೇ ಒಯ್ಯುತ್ತೇನೆ, ಛತ್ರಿಯ ಜೊತೆಗೆ. ದಾರಿಯಲ್ಲಿ ಎರಡು ಕಡೆ ಕೂರುತ್ತೇನೆ. ರೋಗಿಗಳು ಇನ್ನಷ್ಟು ಹೊತ್ತು ಬಾಯಿ ತೆರೆದುಕೊಂಡಿರಲಿ. ಟು ಕಟ್ ಎ ಲಾಂಗ್ ಸ್ಟೋರಿ ಶಾರ್ಟ್ ಎನ್ನುತ್ತಾರಲ್ಲ, ಅಥವಾ ಸ್ಮಾಲ್ ಎನ್ನು, ಇಷ್ಟು ಸಮಾಚಾರ.

ನಿನ್ನ ಕ್ಯಾಪ್ಟನ್ನರಿಗೂ, ನಿನಗೆ ಹೊಟ್ಟೆ ತುಂಬ ಬಡಿಸುವ ಆ ಅಡುಗೆಯವರಿಗೂ ನನ್ನ ನಮಸ್ಕಾರ ತಿಳಿಸು. ಸಮುದ್ರ ನಿನ್ನ ಮಾತು ಕೇಳುವಂತಿರಲಿ, ನೀನು ಮುಟ್ಟಿದ ದೀಪವೆಲ್ಲ ಹತ್ತಲಿ. ನಿಮ್ಮಮ್ಮನ ಪಾಲಿನ ಆಶೀರ್ವಾದವನ್ನೂ ಇದರಲ್ಲೇ ಸೇರಿಸಿದ್ದೇನೆ. ಕೊನೆಗೆ ಯುವರ್ಸ್ ಫೇತ್‌ಫುಲಿ ಎಂದು ಬರೆಯಲು ಹೊರಟಿದ್ದೆ, ಅದು ಬ್ಯಾಂಕಿಗೆ ಬರೆಯುವುದು ಎಂದು ನೆನಪಾಯಿತು.

ಇಂತಿ,
ನಿನ್ನ ಅಪ್ಪ

ತಾ.ಕ.: ನಿನ್ನ ಹಡಗಿನ ಕಂಪನಿಯ ಆಫೀಸಿನ ಹುಡುಗ ಕಾಗದ ಒಯ್ಯಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಠಾಣೆಯ ಮೆಕ್ಯಾನಿಕ್ ಗಾಡಿ ಬಿಚ್ಚಿದಾಗ ಸ್ಪೀಡು ಕಟ್ಟುವ ಬಿಳಿ ವೈರು ಕಿತ್ತಿರುವುದು ಕಂಡಿತಂತೆ. ತುದಿ ಮಡಚಿ, ಹಡಗಿನಲ್ಲಿ ಬಳಸುವಂಥ ದಪ್ಪ ಟೇಪು ಸುತ್ತಿ, ಇಷ್ಟು ಅಚ್ಚುಕಟ್ಟಾಗಿ ಯಾರು ಮಾಡಿದರು ಎಂದು ಅವನಿಗೇ ಆಶ್ಚರ್ಯ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಗಿಣಿಯನ್ನು ಮೇಡಂ ಇದನ್ನೂ ಕೇಳಿದರು. ‘ಗೊತ್ತಿಲ್ಲ, ಅಂಗಡಿಯಿಂದ ತಂದಾಗಲೇ ಹಾಗಿತ್ತು’ ಎಂದಳು. ಮೆಟ್ಟಿಲ ಕೆಳಗೆ ನೀನು ಸ್ಕ್ರೂ ಡ್ರೈವರ್ ಬಾಯಲ್ಲಿ ಕಚ್ಚಿಕೊಂಡು ಆ ವೈರು ತೆಗೆದಾಗ ನಿನಗೆ ಟಾರ್ಚು ಹಿಡಿದವಳು ಅವಳೇ. ಕ್ಲಿಯರೆನ್ಸಿನ ಮಾತನ್ನು ಮೆಟ್ಟಿಲ ತಿರುವಿನಲ್ಲಿ ಕೇಳಿಸಿಕೊಂಡವಳೂ ಅವಳೇ. ನಾನು ಬಾಯಿ ಬಿಡಲಿಲ್ಲ, ಅದು ನೀನು ಹೇಳಬೇಕಾದ ಮಾತು. ನಾಡಿದ್ದು ಸೈಕಲ್ ಅಂಗಡಿಯವನನ್ನು ಠಾಣೆಗೆ ಕರೆಸುತ್ತಾರೆ. ಮುಂದಿನ ಬಂದರು ಮುಟ್ಟಿದ ಕೂಡಲೇ ಮೇಡಂಗೆ ಫೋನು ಮಾಡು, ಠಾಣೆಯ ನಂಬರು ಹಿಂಬದಿಯಲ್ಲಿದೆ. ಆಮೇಲೆ ಮನೆಗೆ ಮಾಡು. ಗಿಣಿ ನಿನ್ನೆಯಿಂದ ಮತ್ತೆ ಬೆರಳು ತೋರಿಸಿ ಉಪ್ಪು ಕೇಳುತ್ತಿದ್ದಾಳೆ.